ಮನೆಯ ಪ್ರಾರ್ಥನಾ ಕೂಟದಲ್ಲಿ ಕೀರ್ತನೆ 37ನ್ನು ಓದುವ ಬಗೆ

ಕೆಟ್ಟವರು ಸುಖವಾಗಿ ಬಾಳುತ್ತಿರುವಾಗ ದೇವರು ಏನು ಮಾಡುತ್ತಿದ್ದಾನೆ ಎಂಬ ಪ್ರಶ್ನೆ ಗದಗ-ಬೆಟಗೇರಿಯ ಪ್ರಾರ್ಥನಾ ಕೂಟಗಳಿಗೆ ಹೊಸದಲ್ಲ. ಅದು ಎದ್ದಾಗ, ಕೆಟ್ಟವರು ಅಳಿದುಹೋಗುವರು, ನೀತಿವಂತರಿಗೆ ಭೂಮಿ ಸಿಗುವುದು ಎನ್ನುವ ಕೀರ್ತನೆ 37ನ್ನು ಹಿರಿಯರು ತೆರೆಯುವುದೂ ಸರಿಯೇ. ಆದರೆ ಅದೊಂದನ್ನೇ ಓದಿ ಸತ್ಯವೇದವನ್ನು ಮುಚ್ಚಿದರೆ, ಮಳೆ ಕೈಕೊಟ್ಟು ಸಾಲಕ್ಕೆ ಸಿಕ್ಕವರು ತಾವು ನೀತಿವಂತರಲ್ಲವೇನೋ ಎಂಬ ಅನುಮಾನ ಹೊತ್ತು ಮನೆಗೆ ಹೋಗುತ್ತಾರೆ. ಆದ್ದರಿಂದ ಇದಕ್ಕೆ ಮೂರು ವಾರ ಮೀಸಲಿಡಿ.

ಮೊದಲ ವಾರ ನಲವತ್ತೂ ವಚನಗಳನ್ನು ನಡುವೆ ನಿಲ್ಲಿಸದೆ ಗಟ್ಟಿಯಾಗಿ ಓದಿಸಿ. ಮೂಲ ಹೀಬ್ರೂವಿನಲ್ಲಿ ಇದು 22 ಅಕ್ಷರಗಳ ವರ್ಣಮಾಲೆಯ ಕ್ರಮದಲ್ಲಿ ಹೆಣೆದ ಕವಿತೆ. ಆದುದರಿಂದ ಒಂದು ವಚನದಿಂದ ಮುಂದಿನದಕ್ಕೆ ಬೆಳೆಯುವ ವಾದವನ್ನು ಇಲ್ಲಿ ಹುಡುಕಬೇಕಾಗಿಲ್ಲ, ಒಂದೇ ಮಾತು ಬೇರೆ ಬೇರೆ ಅಕ್ಷರ ಹಿಡಿದು ಮರಳಿ ಬರುತ್ತದೆ. ಬಳಿಕ ಪೆನ್ಸಿಲ್ ಕೊಟ್ಟು 9, 11, 22, 29 ಮತ್ತು 34ನೆಯ ವಚನಗಳಿಗೆ ಗುರುತು ಹಾಕಿಸಿ. ಐದರಲ್ಲಿಯೂ ಭೂಮಿಯ ಬಾಧ್ಯತೆಯ, ಅಂದರೆ ಭೂಮಿಯನ್ನು ಸ್ವತ್ತಾಗಿ ಪಡೆಯುವ ಮಾತಿದೆ. ಹೊಲದ ಉತಾರದಲ್ಲಿ (ಪಹಣಿಯಲ್ಲಿ) ಹೆಸರು ಏರಿಸಲು ವರ್ಷಗಟ್ಟಲೆ ಅಲೆದವರಿಗೆ ಈ ವಾಗ್ದಾನದ ತೂಕವನ್ನು ವಿವರಿಸಬೇಕಿಲ್ಲ. ಆದರೆ ಕ್ರಿಯಾಪದಗಳನ್ನು ಗಮನಿಸಲು ಹೇಳಿ: ಬಾಧ್ಯತೆ ಮುಂದೆ ದೊರಕುವಂಥದು, ಕಾದಿರುವುದು ಮಾತ್ರ ಈಗಿನ ಕೆಲಸ.

25ನೆಯ ವಚನದ ಬಳಿ ಎಚ್ಚರಿಕೆ ಬೇಕು. ನೀತಿವಂತನು ಕೈಬಿಡಲ್ಪಟ್ಟದ್ದನ್ನಾಗಲಿ ಅವನ ಮಕ್ಕಳು ಭಿಕ್ಷೆ ಬೇಡಿದ್ದನ್ನಾಗಲಿ ತಾನು ಕಂಡಿಲ್ಲವೆಂದು ಮುದುಕನೊಬ್ಬ ಅಲ್ಲಿ ಹೇಳುತ್ತಾನೆ. "ನಾನು ಕಂಡಿದ್ದೇನೆ" ಎಂದು ಕೂಟದಲ್ಲಿ ಯಾರಾದರೂ ಅಂದರೆ ಬಾಯಿ ಮುಚ್ಚಿಸಬೇಡಿ. ಸತ್ಯವೇದದಲ್ಲಿ ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ ಸುಮ್ಮನೆ ಅವನೊಡನೆ ನೆಲದ ಮೇಲೆ ಕುಳಿತಿದ್ದರು. ಬಾಯಿ ತೆರೆದು ಅವನ ಸಂಕಟಕ್ಕೆ ಅವನ ಪಾಪವನ್ನೇ ಕಾರಣ ಮಾಡಿದ ಮೇಲೆ, ಅವರು ತನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲವೆಂದು ದೇವರೇ ಯೋಬನ ಪುಸ್ತಕದ ಕಡೆಯ ಅಧ್ಯಾಯದಲ್ಲಿ ಹೇಳಬೇಕಾಯಿತು. ಕೂಟ ನಡೆಸುವವರು ಆ ಅಧ್ಯಾಯವನ್ನು ಹಿಂದಿನ ರಾತ್ರಿಯೇ ಓದಿಕೊಂಡಿರಲಿ.

ಎರಡನೆಯ ವಾರ ಕೀರ್ತನೆ 73 ಇರಲಿ. ನನ್ನ ಮಟ್ಟಿಗೆ ಮೂರರಲ್ಲಿ ಮುಖ್ಯವಾದ ವಾರ ಇದೇ. ದುಷ್ಟರ ಸಮೃದ್ಧಿಯನ್ನು ಕಂಡು ಕಾಲು ಜಾರುವುದರಲ್ಲಿತ್ತೆಂದು, ಮನಸ್ಸನ್ನು ಶುದ್ಧವಾಗಿಟ್ಟುಕೊಂಡದ್ದು ವ್ಯರ್ಥವಾಯಿತೆಂದು ಈ ಕೀರ್ತನೆಯ ಕವಿ ಆಸಾಫನು ಮುಚ್ಚುಮರೆಯಿಲ್ಲದೆ ಹೇಳುತ್ತಾನೆ, ಮತ್ತು ಆ ದೂರು ಕೀರ್ತನೆಯಾಗಿ ದೇವಾಲಯದ ಹಾಡಿನಲ್ಲಿ ಸೇರಿಕೊಂಡಿದೆ. 17ನೆಯ ವಚನದಲ್ಲಿ ಅವನು ದೇವಾಲಯವನ್ನು ಹೊಕ್ಕಾಗ ನೋಟ ತಿರುಗುತ್ತದೆ. ಅಲ್ಲಿಯವರೆಗೆ ಓದಿ ಒಂದು ನಿಮಿಷ ಮೌನವಾಗಿರಿ. ಆಮೇಲೆ 26ನೆಯ ವಚನಕ್ಕೆ ಬನ್ನಿ. ದೇವರೇ ನನ್ನ ಪಾಲು ಎನ್ನುವ ಈ ಆಸಾಫ ದೇವಾಲಯದ ಸೇವೆಗೆ ನೇಮಕವಾದ ಕುಲದವರಾದ ಲೇವಿಯರವನು. ಲೇವಿಯರಿಗೆ ಕಾನಾನಿನ ಹಂಚಿಕೆಯಲ್ಲಿ ಉಳಿದ ಕುಲಗಳಂತೆ ಹೊಲದ ಪಾಲು ಸಿಗಲಿಲ್ಲ, ಯೆಹೋವನೇ ಅವರ ಪಾಲೆಂದು ಧರ್ಮೋಪದೇಶಕಾಂಡದ 10ನೆಯ ಅಧ್ಯಾಯ ಹೇಳುತ್ತದೆ. ಅಣ್ಣತಮ್ಮಂದಿರ ಆಸ್ತಿ ವಾಟ್ನಿಯಲ್ಲಿ (ಪಾಲಿನಲ್ಲಿ) ಬರಿಗೈಯಾದವರು ಕೂಟದಲ್ಲಿದ್ದರೆ, ಭೂಮಿಯನ್ನು ಕೊಡುವೆನೆಂಬ ಕೀರ್ತನೆಯ ಪಕ್ಕದಲ್ಲಿ ಭೂಮಿಯಿಲ್ಲದವನ ಈ ಕೀರ್ತನೆಯನ್ನು ಏಕೆ ಇಡುತ್ತಿದ್ದೇವೆಂದು ಅವರೇ ನಿಮಗಿಂತ ಚೆನ್ನಾಗಿ ಹೇಳುವರು.

ಮೂರನೆಯ ವಾರ, ಬೆಳೆಯೆಲ್ಲ ಕೈಕೊಟ್ಟರೂ ದೇವರಲ್ಲಿ ಆನಂದಿಸುವೆನೆನ್ನುವ ಪ್ರವಾದಿಯ ಮಾತು, ಹಬಕ್ಕೂಕ 3:17 ಮತ್ತು 18 ಸಾಕು. ಅಂಜೂರ, ದ್ರಾಕ್ಷಿ, ಎಣ್ಣೆಮರ ಎಂಬ ಹೆಸರುಗಳ ಜಾಗದಲ್ಲಿ ನಮ್ಮ ಎರೆಹೊಲದ ಹೆಸರುಕಾಳು, ಶೇಂಗಾ, ಮೆಣಸಿನಕಾಯಿ, ಹಿಂಗಾರಿ ಜೋಳಗಳನ್ನು ಇಟ್ಟು ಒಮ್ಮೆ ಓದಿರಿ, ಬಳಿಕ ಮೂಲದಂತೆಯೇ ಓದಿರಿ. ಆದರೂ ನಾನು ಆನಂದಿಸುವೆನೆಂಬ 18ನೆಯ ವಚನವನ್ನು ಆ ವರ್ಷ ಬೆಳೆ ಕಳೆದುಕೊಂಡವರಿಂದ ಓದಿಸಬೇಡಿ. ಓದುತ್ತೇವೆಂದು ಅವರಾಗಿಯೇ ಎದ್ದರೆ ಆಗ ಪುಸ್ತಕವನ್ನು ಅವರ ಕೈಗೆ ಕೊಡಿ.