‘ಫೋನ್ ಕಿತ್ತುಕೊಳ್ಳುವುದಿಲ್ಲ’: ಪೋಷಕರೊಂದಿಗೆ ಕುಳಿತು ಕಲಿತದ್ದು

ನಾನು ಪ್ರಾಥಮಿಕ ಶಾಲೆಯಲ್ಲಿ ಮೂರು ಮತ್ತು ನಾಲ್ಕನೆಯ ತರಗತಿಯ ಮಕ್ಕಳಿಗೆ ಪಾಠ ಮಾಡುತ್ತೇನೆ. ಮಕ್ಕಳ ಆನ್‌ಲೈನ್ ಸುರಕ್ಷತೆಯ ಬಗ್ಗೆ ಪೋಷಕರಿಗೆ ನೆರವಾಗಬೇಕೆಂದು ಹೊರಟಾಗ ನಾನು ಮೊದಲು ಮಾಡಿದ್ದು ಒಂದು ಗಂಟೆಯ ಉಪನ್ಯಾಸ. ಅಂತರ್ಜಾಲದಲ್ಲಿ ಏನೇನು ಅಪಾಯಗಳಿವೆ ಎಂಬುದನ್ನು ಒಂದೊಂದಾಗಿ ವಿವರಿಸಿದೆ. ಎಲ್ಲರೂ ಗಂಭೀರವಾಗಿ ಕೇಳಿ, ತಲೆಯಾಡಿಸಿ ಮನೆಗೆ ಹೋದರು. ಮರುವಾರ ನನ್ನ ತರಗತಿಯ ಹುಡುಗನೊಬ್ಬ, ಅಪ್ಪ ಫೋನನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆಂದೂ, ತಾನೀಗ ಅಜ್ಜಿಯ ಫೋನಿನಲ್ಲಿ ಆಡುತ್ತಿದ್ದೇನೆಂದೂ ಹೇಳಿದ. ಅಜ್ಜಿಯ ಫೋನಿಗೆ ಲಾಕ್ ಕೂಡ ಇರಲಿಲ್ಲ. ನನ್ನ ಉಪನ್ಯಾಸದಿಂದ ಹೆತ್ತವರಲ್ಲಿ ಭಯ ಹುಟ್ಟಿತ್ತೇ ಹೊರತು ಮಗುವಿಗೆ ರಕ್ಷಣೆ ಸಿಕ್ಕಿರಲಿಲ್ಲ.

ಆಮೇಲೆ ನಾನು ಉಪನ್ಯಾಸವನ್ನು ಕೈಬಿಟ್ಟು, ಒಂದು ಸಲಕ್ಕೆ ಐದಾರು ಪೋಷಕರನ್ನು ಮಾತ್ರ ಕರೆಯತೊಡಗಿದೆ. ಮಗು ನಿಜವಾಗಿ ಬಳಸುವ ಫೋನನ್ನೋ ಟ್ಯಾಬ್ಲೆಟ್ಟನ್ನೋ ಚಾರ್ಜ್ ಮಾಡಿಕೊಂಡು ತರಬೇಕು, ಅದರ ಪಾಸ್‌ವರ್ಡ್ ತಿಳಿದಿರಬೇಕು ಎಂಬುದಷ್ಟೇ ನನ್ನ ಷರತ್ತು. ಪಕ್ಕದಲ್ಲಿ ಕುಳಿತು, ಅವರ ಕೈಯಿಂದಲೇ ಒಂದೊಂದು ಸೆಟ್ಟಿಂಗನ್ನೂ ತೆರೆಸುತ್ತೇನೆ. ನಾನು ಫೋನ್ ತೆಗೆದುಕೊಂಡು ಬೇಗ ಮುಗಿಸಿಕೊಟ್ಟರೆ ಸಮಯ ಉಳಿಯುತ್ತದೆ, ಆದರೆ ಮುಂದಿನ ಅಪ್‌ಡೇಟ್ ಬಂದಾಗ ಅವರಿಗೆ ದಾರಿ ತಿಳಿದಿರುವುದಿಲ್ಲ.

ಹೀಗೆ ಕುಳಿತಾಗ ಮೊದಲು ಕಂಡದ್ದು ವಯಸ್ಸಿನ ವಿಷಯ. ಎಂಟು ವರ್ಷದ ಹುಡುಗನ ತಂದೆಯೊಬ್ಬರು, ಮಗನ ಗೇಮ್ ಖಾತೆ ತೆರೆಯುವಾಗ ಅವನ ವಯಸ್ಸಿಗೆ ಅವಕಾಶವಿಲ್ಲವೆಂದು ಬಂದದ್ದರಿಂದ, ತಮ್ಮ ಹುಟ್ಟಿದ ವರ್ಷವನ್ನೇ ಹಾಕಿದ್ದರು. ಆ ಕ್ಷಣದಿಂದ ಆ ಗೇಮಿನ ಲೆಕ್ಕದಲ್ಲಿ ಹುಡುಗನಿಗೆ ನಲವತ್ತೊಂದು ವರ್ಷ. ಮಕ್ಕಳಿಗೆಂದೇ ತಾನಾಗಿ ಮುಚ್ಚಿರಬೇಕಾಗಿದ್ದ ಚಾಟ್ ಅವನಿಗೆ ತೆರೆದಿತ್ತು. ದೊಡ್ಡವರಿಗೆ ತೋರಿಸುವ ಜಾಹೀರಾತುಗಳು ಅವನಿಗೂ ಬರುತ್ತಿದ್ದವು. ಹೆಚ್ಚಿನ ಸಾಮಾಜಿಕ ಜಾಲತಾಣಗಳು ಕೇಳುವ ಹದಿಮೂರು ವರ್ಷದ ಮಿತಿ ಬಂದದ್ದು ಮುಖ್ಯವಾಗಿ ಅಮೆರಿಕದ ಒಂದು ಕಾನೂನಿನಿಂದ. 1998ರಲ್ಲಿ ಅಂಗೀಕಾರವಾಗಿ 2000ದಲ್ಲಿ ಜಾರಿಗೆ ಬಂದ ಆ ಕಾನೂನಿನ ಪ್ರಕಾರ, ಹದಿಮೂರರ ಒಳಗಿನ ಮಕ್ಕಳ ವೈಯಕ್ತಿಕ ಮಾಹಿತಿಯನ್ನು ಸಂಗ್ರಹಿಸುವ ಮೊದಲು ಪೋಷಕರ ಒಪ್ಪಿಗೆ ಪಡೆಯಬೇಕು. ಎಂದರೆ ಅದು ಮಾಹಿತಿ ಸಂಗ್ರಹಕ್ಕೆ ಹಾಕಿದ ಗೆರೆಯೇ ಹೊರತು, ಹದಿಮೂರು ತುಂಬಿದ ಮಗು ಎಲ್ಲಕ್ಕೂ ಸಿದ್ಧವಾಗಿದೆ ಎಂಬುದಕ್ಕೆ ಪ್ರಮಾಣವಲ್ಲ. ನಾನು ಪೋಷಕರಿಗೆ ಎಲ್ಲಕ್ಕಿಂತ ಮೊದಲು ಹೇಳುವುದು ಇದನ್ನೇ: ಮಗುವಿನ ಹುಟ್ಟಿದ ವರ್ಷವನ್ನು ಎಲ್ಲಿಯೂ ತಪ್ಪಾಗಿ ಕೊಡಬೇಡಿ. ಉಳಿದ ಅನೇಕ ರಕ್ಷಣೆಗಳು ಆ ಒಂದು ಸಂಖ್ಯೆಯ ಮೇಲೆ ನಿಂತಿವೆ.

ಮಗುವಿಗೇ ಬೇರೆ ಸಾಧನವಿದ್ದರೆ ಕೆಲಸ ಸುಲಭ. ಆಂಡ್ರಾಯ್ಡ್ ಆದರೆ ಗೂಗಲ್‌ನ ಫ್ಯಾಮಿಲಿ ಲಿಂಕ್, ಆಪಲ್ ಆದರೆ ಸ್ಕ್ರೀನ್ ಟೈಮ್. ಹೊಸ ಆ್ಯಪ್ ಹಾಕಿಕೊಳ್ಳಲು ಪೋಷಕರ ಅನುಮತಿ ಬೇಕಾಗುವಂತೆ ಎರಡರಲ್ಲೂ ಮಾಡಬಹುದು, ಬಳಕೆಯ ಸಮಯಕ್ಕೂ ಮಿತಿ ಹಾಕಬಹುದು. ಆದರೆ ಹೆಚ್ಚಿನ ಮನೆಗಳಲ್ಲಿ ಮಗುವಿನ ಕೈಗೆ ಸಿಗುವುದು ದೊಡ್ಡವರ ಫೋನೇ. ಅಂಥವರಿಗೆ ನಾನು ಹೇಳಿಕೊಡುವುದು ಯೂಟ್ಯೂಬ್ ಕಿಡ್ಸ್. ಅದರಲ್ಲಿ ನಾಲ್ಕು ವರ್ಷದವರೆಗೆ, ಐದರಿಂದ ಎಂಟು, ಒಂಬತ್ತರಿಂದ ಹನ್ನೆರಡು ಎಂದು ವಯಸ್ಸಿನ ವಿಭಾಗಗಳಿವೆ. ಹುಡುಕುವ ಸೌಲಭ್ಯವನ್ನು ಮುಚ್ಚಬಹುದು, ಬೇಕಿದ್ದರೆ ಪೋಷಕರು ಆರಿಸಿದ ವಿಡಿಯೋಗಳಷ್ಟೇ ಕಾಣುವಂತೆಯೂ ಮಾಡಬಹುದು. ಜೊತೆಗೆ ಆಂಡ್ರಾಯ್ಡ್ ಫೋನ್‌ಗಳಲ್ಲಿ ಒಂದೇ ಆ್ಯಪನ್ನು ಪರದೆಗೆ ಪಿನ್ ಮಾಡುವ ಸೌಲಭ್ಯವಿದೆ, ಆಪಲ್‌ನಲ್ಲಿ ಅದೇ ಕೆಲಸಕ್ಕೆ ಗೈಡೆಡ್ ಆ್ಯಕ್ಸೆಸ್ ಇದೆ. ಹೊರಬರಲು ಪಾಸ್‌ವರ್ಡ್ ಕೇಳುವಂತೆ ಮಾಡಿ ಅದನ್ನು ಹಾಕಿ ಕೊಟ್ಟರೆ, ಪಾಸ್‌ವರ್ಡ್ ಗೊತ್ತಿಲ್ಲದ ಮಗು ಆ ಆ್ಯಪ್‌ನಿಂದ ಹೊರಗೆ ಹೋಗಲಾರದು. ಗೊತ್ತಿದ್ದರೆ ಪ್ರಯೋಜನವಿಲ್ಲ, ಮತ್ತು ಮಕ್ಕಳಿಗೆ ಅದು ಗೊತ್ತಿರುವುದೇ ಹೆಚ್ಚು. ಹಣ ಖರ್ಚಾಗುವ ಪ್ರತಿಯೊಂದು ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡುವುದನ್ನು ನಾನು ಯಾರಿಗೂ ಬಿಡಲು ಹೇಳುವುದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ, ಗೇಮ್‌ಗಳ ಒಳಗೆ ನಡೆಯುವ ಮಾತುಕತೆ ಈ ಯಾವ ಜಾಲರಿಗೂ ಸರಿಯಾಗಿ ಸಿಗುವುದಿಲ್ಲ. ಅದನ್ನು ನಾನು ಅರಿತದ್ದು ಒಂಬತ್ತು ವರ್ಷದ ಹುಡುಗಿಯೊಬ್ಬಳ ತಾಯಿ ಟ್ಯಾಬ್ಲೆಟ್ ಹಿಡಿದು ಬಂದ ದಿನ. ಅವರು ಅಳು ತಡೆದುಕೊಂಡು ಚಾಟನ್ನು ಮೇಲಕ್ಕೆ ಸರಿಸುತ್ತ ಹೋದರು. ಮೊದಲ ಸಂದೇಶ, ‘ನೀನು ತುಂಬಾ ಚೆನ್ನಾಗಿ ಆಡ್ತೀಯ’. ಎರಡು ದಿನಗಳ ನಂತರ ಗೇಮಿನ ಒಂದಿಷ್ಟು ನಾಣ್ಯಗಳ ಉಡುಗೊರೆ. ಆಮೇಲೆ ‘ಯಾವ ಕ್ಲಾಸು, ಯಾವ ಸ್ಕೂಲು’. ಕೊನೆಗೆ, ಬೇರೊಂದು ಆ್ಯಪ್‌ನಲ್ಲಿ ಮಾತಾಡೋಣ, ಅಮ್ಮನಿಗೆ ಹೇಳಬೇಡ. ಹೊಗಳಿಕೆ, ಉಡುಗೊರೆ, ಪ್ರಶ್ನೆ, ಗುಟ್ಟು: ಈ ಸಾಲನ್ನು ನಾನೀಗ ಪ್ರತಿಯೊಬ್ಬ ಪೋಷಕರಿಗೂ ಬಿಡಿಸಿ ಹೇಳುತ್ತೇನೆ, ಏಕೆಂದರೆ ಒಂದೊಂದನ್ನೇ ನೋಡಿದರೆ ಮೊದಲಿನ ಎರಡರಲ್ಲಿ ಮಗುವಿಗೆ ಕೆಟ್ಟದ್ದೇನೂ ಕಾಣುವುದಿಲ್ಲ.

ಆ ತಾಯಿ ಗಾಬರಿಯಲ್ಲಿ ಎಲ್ಲವನ್ನೂ ಅಳಿಸಿಬಿಡಲು ಹೊರಟಿದ್ದರು. ನಾವು ಮೊದಲು ಬಳಕೆದಾರನ ಹೆಸರೂ ದಿನಾಂಕವೂ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದೆವು, ನಂತರ ಗೇಮಿನೊಳಗೇ ದೂರು ಕೊಟ್ಟೆವು, ಆಮೇಲೆ ಆ ವ್ಯಕ್ತಿಯನ್ನು ಬ್ಲಾಕ್ ಮಾಡಿ ಚಾಟನ್ನು ಮುಚ್ಚಿದೆವು. ಈ ಕ್ರಮ ಮುಖ್ಯ; ಮೊದಲೇ ಅಳಿಸಿದರೆ ಸಾಕ್ಷ್ಯವೇ ಉಳಿಯುವುದಿಲ್ಲ. ಫೋಟೋ ಕೇಳಿದ್ದರೆ, ಬೆದರಿಸಿದ್ದರೆ ಅಥವಾ ಭೇಟಿಗೆ ಕರೆದಿದ್ದರೆ ಪೊಲೀಸರಿಗೂ ತಿಳಿಸಲೇಬೇಕು.

ನನ್ನನ್ನು ಹೆಚ್ಚು ಕಾಡಿದ್ದು ಬೇರೆ ಸಂಗತಿ. ಹುಡುಗಿಗೆ ಮೂರು ವಾರಗಳಿಂದ ಹೆದರಿಕೆಯಾಗುತ್ತಿತ್ತು, ಆದರೂ ಹೇಳಿರಲಿಲ್ಲ. ಏಕೆಂದು ಮೆಲ್ಲಗೆ ಕೇಳಿದಾಗ, ‘ಮಿಸ್, ಹೇಳಿದ್ರೆ ಅಮ್ಮ ಟ್ಯಾಬ್ ಕಿತ್ಕೊಳ್ತಾರೆ’ ಎಂದಳು. ಯಾವುದೋ ಒಂದು ಸಂಜೆ, ಬೇರಾವುದೋ ಕಾರಣಕ್ಕೆ ತಾಯಿ ಹಾಗೆ ಗದರಿಸಿದ್ದರಂತೆ. ಅವರಿಗೆ ಅದು ನೆನಪೂ ಇರಲಿಲ್ಲ. ಅಪರಿಚಿತ ವ್ಯಕ್ತಿಯ ‘ಅಮ್ಮನಿಗೆ ಹೇಳಬೇಡ’ ಎಂಬ ಮಾತಿಗೆ ಬಲ ಕೊಟ್ಟದ್ದು ಮನೆಯದೇ ಆ ಬೈಗುಳ.

ಅಂದಿನಿಂದ ನನ್ನ ಪ್ರತಿ ಕೂಟದ ಅರ್ಧ ಸಮಯ ಒಂದೇ ಅಭ್ಯಾಸಕ್ಕೆ ಮೀಸಲು. ಮಗು ಬಂದು ಕೆಟ್ಟದ್ದೇನನ್ನೋ ತೋರಿಸಿದಾಗ ಆಡುವ ಮೊದಲ ಮಾತನ್ನು ಪೋಷಕರು ಬಾಯಿಬಿಟ್ಟು ಹೇಳಿ ನೋಡಬೇಕು: ‘ಹೇಳಿದ್ದು ಒಳ್ಳೇದಾಯ್ತು ಪುಟ್ಟ. ಇದು ನಿನ್ನ ತಪ್ಪಲ್ಲ. ಫೋನ್ ಕಿತ್ತುಕೊಳ್ಳಲ್ಲ.’ ಓದಿದಷ್ಟು ಸುಲಭವಲ್ಲ ಇದು. ತಂದೆಯೊಬ್ಬರು ಮೂರನೆಯ ವಾಕ್ಯದ ಹತ್ತಿರ ಬಂದು ನಿಂತೇಬಿಟ್ಟರು. ಆ ಮಾತನ್ನು ಉಳಿಸಿಕೊಳ್ಳಲು ತಮ್ಮಿಂದ ಆಗುತ್ತದೆಯೋ ಇಲ್ಲವೋ ಎಂದು ಯೋಚಿಸುತ್ತಿದ್ದೇನೆ ಎಂದರು. ಅಷ್ಟು ಯೋಚಿಸಿ ಹೇಳಿದ ಮಾತನ್ನು ಅವರು ಮುರಿಯಲಾರರು ಎಂದು ನನಗೆ ಅನಿಸಿತು. ಮಿತಿ ಹಾಕುವುದು ಬೇಡವೆಂದು ಇದರ ಅರ್ಥವಲ್ಲ. ರಾತ್ರಿ ಫೋನ್ ಮಲಗುವ ಕೋಣೆಯಿಂದ ಹೊರಗೇ ಇರಲಿ, ಆಟ ಎಲ್ಲರೂ ಓಡಾಡುವ ಜಾಗದಲ್ಲೇ ನಡೆಯಲಿ. ನಿಯಮ ಮುರಿದದ್ದಕ್ಕೆ ಶಿಕ್ಷೆ ಇರಬಹುದು, ಹೇಳಿಕೊಂಡದ್ದಕ್ಕೆ ಇರಬಾರದು.

ನಾನೂ ಬದಲಾಯಿಸಿಕೊಂಡದ್ದಿದೆ. ಮಕ್ಕಳ ಸಮವಸ್ತ್ರದ ಚಿತ್ರಗಳನ್ನು ಹೆಸರು ಸಮೇತ ಪೋಷಕರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದನ್ನು ನಿಲ್ಲಿಸಿದೆ. ಮಗು ಯಾರಿಗೂ ಹೇಳಬಾರದೆಂದು ನಾವು ಕಲಿಸುವ ಶಾಲೆಯ ಹೆಸರನ್ನು ನಾವೇ ಹಂಚುತ್ತಿದ್ದೆವು.

ಈಗ ಮೂರು ತಿಂಗಳಿಗೊಮ್ಮೆ ಈ ಕೂಟ ನಡೆಯುತ್ತದೆ. ಕಳೆದ ಬಾರಿ, ಬೀರುವಿಗೆ ಬೀಗ ಬಿದ್ದಿದ್ದ ಮನೆಯ ಆ ಅಜ್ಜಿ ತಮ್ಮ ಫೋನ್ ಹಿಡಿದುಕೊಂಡು ಬಂದರು. ಮೊದಲು ಲಾಕ್ ಹಾಕಿದೆವು, ಆಮೇಲೆ ಯೂಟ್ಯೂಬ್ ಕಿಡ್ಸ್ ತೆರೆದು ಪರದೆಗೆ ಪಿನ್ ಮಾಡುವುದನ್ನು ಅವರು ನಾಲ್ಕು ಬಾರಿ ತಾವೇ ಮಾಡಿ ನೋಡಿದರು. ಹೊರಡುವಾಗ ಬಾಗಿಲ ಬಳಿ ನಿಂತು, ಮೊಮ್ಮಗನಿಗೆ ಹೇಳಬೇಕಾದ ಆ ಮೂರು ವಾಕ್ಯಗಳನ್ನು ಒಂದು ಚೀಟಿಯಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದುಕೊಡಿ ಎಂದು ಕೇಳಿದರು.