ಕೋರ್ಟ್ ಸುಟ್ಟರೂ ಚಕ್ಕುಬಂದಿ ಉಳಿದಿತ್ತು: ಬಕಿಂಗ್‌ಹ್ಯಾಮ್‌ನಿಂದ ಕೆಂಟಕಿಗೆ ಹೋದ ಮನೆತನವನ್ನು ಹುಡುಕಿದ ನನ್ನ ಅನುಭವ

ಅಮೆರಿಕದ ವರ್ಜೀನಿಯಾ ರಾಜ್ಯದ ಬಕಿಂಗ್‌ಹ್ಯಾಮ್ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಕೋರ್ಟ್‌ಹೌಸ್ 1869ರಲ್ಲಿ ಸುಟ್ಟುಹೋಯಿತು. ಕ್ರಯಪತ್ರ, ವಿಲ್ಲು, ಮದುವೆ ಬಾಂಡು (ಮದುವೆಗೆ ಮುಂಚೆ ವರ ಬರೆದುಕೊಡುವ ಮುಚ್ಚಳಿಕೆ), ಹೆಚ್ಚುಕಮ್ಮಿ ಎಲ್ಲವೂ ಬೂದಿ. ಆ ಕೌಂಟಿಯ ಹೆಸರು ಬಂತೆಂದರೆ ವಂಶಾವಳಿ ಹುಡುಕುವವರು ಎಳ್ಳುನೀರು ಬಿಟ್ಟು ಮುಂದೆ ಹೋಗುವುದೇ ರೂಢಿ. ನಾನು ಹಿಡಿದ ಮನೆತನ 1790ರ ದಶಕದ ಕೊನೆಗೆ ಕೆಂಟಕಿಯ ಗ್ರೀನ್ ಕೌಂಟಿಯಲ್ಲಿ, ರಸೆಲ್ ಕ್ರೀಕ್ ದಂಡೆಯಲ್ಲಿ ಕಂದಾಯ ಕಟ್ಟುತ್ತಿತ್ತು. ಅದಕ್ಕೂ ಹಿಂದಕ್ಕೆ "ಬಕಿಂಗ್‌ಹ್ಯಾಮ್ ಕಡೆಯವರು" ಅನ್ನುವ ಬಾಯಿಮಾತು ಬಿಟ್ಟರೆ ಏನೂ ಇರಲಿಲ್ಲ. ಇದರಲ್ಲೇ ಪಳಗಿದವರು ಕೂಡ "ಸುಟ್ಟ ಕೌಂಟಿ, ಸಾಬೀತು ಆಗಲ್ಲ, ದುಡ್ಡು ದಂಡ" ಅಂದರು. ಈಗ ಕೆಂಟಕಿಯಲ್ಲಿ ಕಂದಾಯ ಕಟ್ಟುತ್ತಿದ್ದವನ ಅಪ್ಪ, ಅಜ್ಜ ಇಬ್ಬರೂ ದಾಖಲೆ ಸಮೇತ ನಿಂತಿದ್ದಾರೆ, ಜೊತೆಗೆ ಯಾವ ವಂಶವೃಕ್ಷದಲ್ಲೂ ಇಲ್ಲದ ಇಬ್ಬರು ಹೆಣ್ಣುಮಕ್ಕಳೂ ಸಿಕ್ಕಿದ್ದಾರೆ. ವಂಶಸ್ಥರು ಒಪ್ಪದ ಕಾರಣ ಮನೆತನದ ಹೆಸರು ಹಾಕುವುದಿಲ್ಲ, ಮಾಡಿದ ಕ್ರಮವನ್ನಷ್ಟೇ ಹೇಳುತ್ತೇನೆ.

ಹೆಸರಿನ ಹಿಂದೆ ಹೋಗಬೇಡಿ, ನೆಲದ ಹಿಂದೆ ಹೋಗಿ. ಒಂದೇ ಕೌಂಟಿಯಲ್ಲಿ ಒಂದೇ ಹೆಸರಿನವರು ಮೂರು ನಾಲ್ಕು ಜನ ಇರುತ್ತಾರೆ. ಸೀನಿಯರ್, ಜೂನಿಯರ್ ಅಂತ ಬರೆದಿದ್ದರೆ ಅಪ್ಪ–ಮಗ ಅಂತಲೇ ಅಲ್ಲ. ಊರಲ್ಲಿ ಅದೇ ಹೆಸರಿನ ಹಿರಿಯ, ಕಿರಿಯ ಅಂತಷ್ಟೇ. ಹಿರಿಯ ಸತ್ತರೆ ಜೂನಿಯರ್ ಸೀನಿಯರ್ ಆಗುತ್ತಾನೆ, ಅಲ್ಲಿಂದ ಮುಂದೆ ಇಬ್ಬರ ಕಾಗದಗಳೂ ಕಲಸಿಹೋಗುತ್ತವೆ. ಜಮೀನು ಹಾಗಲ್ಲ. 400 ಎಕರೆಯ ಮೂಲೆಗೆ ಇರುವ ಬಿಳಿ ಓಕ್ ಮರ ಒಂದೇ, ಅದರ ಪಕ್ಕದ ಹಳ್ಳವೂ ಒಂದೇ.

ದುಡ್ಡು ಹೋದದ್ದು ಹೆಸರಿನ ದಾರಿಯಲ್ಲೇ. ವಂಶಾವಳಿ ಜಾಲತಾಣಕ್ಕೆ ತಿಂಗಳಿಗೆ 25 ಡಾಲರ್ ಆಸುಪಾಸಿನ ಚಂದಾ ಒಂದು ವರ್ಷಕ್ಕೂ ಮೇಲೆ ನಡೆಯಿತು. ಬಂದದ್ದೆಲ್ಲ ಒಬ್ಬರದನ್ನು ನೋಡಿ ಇನ್ನೊಬ್ಬರು ಇಳಿಸಿಕೊಂಡ ವೃಕ್ಷಗಳು, ಕೆಲವುದರಲ್ಲಿ ತಾಯಿ ಹುಟ್ಟುವ ಮೊದಲೇ ಮಗ ಹುಟ್ಟಿದ್ದಾನೆ. 1900ರ ಆಸುಪಾಸಿನ ಅಚ್ಚಾದ ಮನೆತನದ ಚರಿತ್ರೆಗಳ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. ಗುಸ್ತಾವ್ ಅಂಜೌ ಅನ್ನುವವನು ಶ್ರೀಮಂತರಿಗೆ ಬೇಕಾದ ಹಾಗೆ ಹುಸಿ ವಂಶಾವಳಿ ಬರೆದುಕೊಟ್ಟು ಬದುಕಿದ. ಅವನ ಸರಕು ಇವತ್ತಿಗೂ ವೃಕ್ಷಗಳಲ್ಲಿ ಸುತ್ತುತ್ತಿದೆ. ಒಟ್ಟು ಖರ್ಚು ಸಾವಿರ ಡಾಲರ್ ಮೇಲಾಗಿರಬಹುದು, ಅರ್ಧಕ್ಕೂ ಹೆಚ್ಚು ಇಂಥದ್ದಕ್ಕೇ. ಗಂಟು ಬಿಡಿಸಿದ ಕಾಗದದ ನಕಲಿಗೆ ಕೊಟ್ಟದ್ದು ಅಂಚೆ ಸೇರಿ ಹತ್ತು ಡಾಲರ್ ಒಳಗೆ.

ಕೆಲಸದ ಬೆನ್ನೆಲುಬು ಕಂದಾಯ ಪಟ್ಟಿ. ವರ್ಜೀನಿಯಾದಲ್ಲಿ 1782ರಿಂದ ಎರಡು ಪಟ್ಟಿ ಸಿಗುತ್ತವೆ, ಒಂದು ಭೂಮಿಯದು, ಇನ್ನೊಂದು ಚರಾಸ್ತಿಯದು. ಇವುಗಳ ಒಂದು ಪ್ರತಿ ರಾಜಧಾನಿ ರಿಚ್‌ಮಂಡ್‌ನ ಆಡಿಟರ್ ಕಚೇರಿಗೆ ಹೋಗುತ್ತಿದ್ದದ್ದರಿಂದ ಕೋರ್ಟ್ ಸುಟ್ಟರೂ ಇವು ಸುಡಲಿಲ್ಲ. 1790ರ ಜನಗಣತಿಯ ವರ್ಜೀನಿಯಾ ಹಾಳೆಗಳು ಉಳಿದಿಲ್ಲ. ಉಳಿದಿದ್ದರೂ 1850ರವರೆಗೆ ಮನೆ ಯಜಮಾನನ ಹೆಸರು ಬಿಟ್ಟು ಬೇರೆ ಹೆಸರೇ ಬರೆಯುತ್ತಿರಲಿಲ್ಲ. ಕಂದಾಯ ಪಟ್ಟಿ ವರ್ಷ ವರ್ಷವೂ ಇದೆ. ನಮ್ಮಲ್ಲಿ ಪಹಣಿ, ಮ್ಯುಟೇಶನ್ ನೋಡಿ ಅಭ್ಯಾಸ ಇರುವವರಿಗೆ ಇದು ಬೇಗ ಒಗ್ಗುತ್ತದೆ: ಯಾರ ಖಾತೆಯಿಂದ ಯಾರ ಖಾತೆಗೆ ಎಷ್ಟು ಎಕರೆ ಹೋಯಿತು ಅಂತ ಭೂಮಿ ಪಟ್ಟಿಯ ಬದಲಾವಣೆ ಟಿಪ್ಪಣಿಯಲ್ಲಿ ಸಿಗುತ್ತದೆ. ಸುಟ್ಟುಹೋದ ಕ್ರಯಪತ್ರಗಳ ಜಾಗದಲ್ಲಿ ಈ ಟಿಪ್ಪಣಿಗಳನ್ನೇ ಇಟ್ಟುಕೊಂಡೆ.

ಎಕ್ಸೆಲ್‌ನಲ್ಲಿ ವರ್ಷಕ್ಕೊಂದು ಸಾಲು. ಹೆಸರು, 16 ದಾಟಿದ ಗಂಡಸರು, ಕುದುರೆ, ದನ, ಎಕರೆ, ಜೊತೆಗೆ ಎಲ್ಲರೂ ಬಿಟ್ಟುಬಿಡುವ ಒಂದು ಕಾಲಂ, ತಾರೀಖು. ಪಟ್ಟಿಯನ್ನು ಮೊದಲ ಅಕ್ಷರದ ಪ್ರಕಾರ ಜೋಡಿಸಿಬಿಟ್ಟಿರುವುದರಿಂದ ಯಾರ ಮನೆ ಯಾರ ಪಕ್ಕ ಅನ್ನುವುದು ಮೇಲ್ನೋಟಕ್ಕೆ ಗೊತ್ತಾಗುವುದಿಲ್ಲ. ತಾರೀಖು ಬರೆದಿರುವ ವರ್ಷಗಳಲ್ಲಿ ಇಡೀ ಪಟ್ಟಿಯನ್ನು ತಾರೀಖಿನ ಪ್ರಕಾರ ಮರುಜೋಡಿಸಿ. ಒಂದೇ ದಿನ ಲೆಕ್ಕ ಕೊಟ್ಟವರು ಬಹುಮಟ್ಟಿಗೆ ಒಂದೇ ಹಳ್ಳದ ಸುತ್ತಲಿನವರು. ವಯಸ್ಸು ಅಂದಾಜು ಮಾಡಲು 1787ರ ಪಟ್ಟಿ ಬಂಗಾರ: ಅದರಲ್ಲಿ 16ರಿಂದ 21ರೊಳಗಿನ ಹುಡುಗರ ಲೆಕ್ಕವೂ ಬೇರೆಯಾಗಿದೆ, ಹಾಗಾಗಿ ಮಗನ ಹುಟ್ಟಿದ ವರ್ಷವನ್ನು ಐದು ವರ್ಷದ ಅಂತರಕ್ಕೆ ತಂದು ನಿಲ್ಲಿಸಬಹುದು. ಇನ್ನೊಂದು ಎಚ್ಚರಿಕೆ, 1808ರಲ್ಲಿ ಚರಾಸ್ತಿ ತೆರಿಗೆ ವಸೂಲಿಯೇ ಆಗಲಿಲ್ಲ. ಆ ವರ್ಷ ಹೆಸರು ಕಾಣದ್ದಕ್ಕೆ "1808ಕ್ಕೆ ಮೊದಲು ಮರಣ" ಅಂತ ಬರೆದಿರುವ ವೃಕ್ಷಗಳು ಸಾಕಷ್ಟಿವೆ. ಒಂದೇ ಹೆಸರಿನ ಇಬ್ಬರನ್ನು ಚರಾಸ್ತಿ ಪಟ್ಟಿಯಲ್ಲಿ ಬೇರೆ ಮಾಡುವುದಕ್ಕೆ ನಾನು ಬಳಸುವ ಒಂದು ಜೋಡಿ ಕಾಲಂ ಇದೆ. ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ಇನ್ನೂ ಎರಡು ಮನೆತನಗಳ ಮೇಲೆ ಕೆಲಸ ನಡೆದಿದೆ.

ಇನ್ನು ಚಕ್ಕುಬಂದಿ. ಅದು ಸಿಗುವುದು ಪೇಟೆಂಟ್‌ನಲ್ಲಿ, ಅಂದರೆ ಸರ್ಕಾರ ಮೊದಲ ಸಲ ಭೂಮಿ ಕೊಟ್ಟಾಗಿನ ಹಕ್ಕುಪತ್ರದಲ್ಲಿ. ವಸಾಹತು ಕಾಲದ ಪೇಟೆಂಟ್‌ಗಳು ರಾಜ್ಯದ ಲ್ಯಾಂಡ್ ಆಫೀಸ್‌ನವು, ಕೌಂಟಿಯವಲ್ಲ. ಲೈಬ್ರರಿ ಆಫ್ ವರ್ಜೀನಿಯಾ ಅವನ್ನು ಪುಕ್ಕಟೆ ತೋರಿಸುತ್ತದೆ. ಬಕಿಂಗ್‌ಹ್ಯಾಮ್ ಕೌಂಟಿಯಾದದ್ದು 1761ರಲ್ಲಿ, ಆಲ್ಬೆಮಾರ್ಲ್‌ನಿಂದ ಒಡೆದು. ಆಲ್ಬೆಮಾರ್ಲ್ 1744ರಲ್ಲಿ ಗೂಚ್‌ಲ್ಯಾಂಡ್‌ನಿಂದ, ಗೂಚ್‌ಲ್ಯಾಂಡ್ 1728ರಲ್ಲಿ ಹೆನ್ರೈಕೊದಿಂದ. ಜಮೀನು ಕದಲದೆ ಇದ್ದಲ್ಲೇ ನಾಲ್ಕು ಕೌಂಟಿ ದಾಟುತ್ತದೆ. ಹಾಗಾಗಿ ಸ್ಲೇಟ್ ರಿವರ್ ಹರಿವಿನ ಪೇಟೆಂಟ್‌ಗಳನ್ನೆಲ್ಲ ಕೌಂಟಿ ಹೆಸರು ನೋಡದೆ ಎಳೆದು ಒಂದೇ ನಕ್ಷೆಗೆ ಹಾಕಿದೆ, ಇಪ್ಪತ್ತಕ್ಕೂ ಮೇಲೆ ತುಂಡುಗಳಿದ್ದವು.

ಅಳತೆ ಪೋಲ್‌ನಲ್ಲಿರುತ್ತದೆ. ಒಂದು ಪೋಲ್ 16.5 ಅಡಿ, ನಾಲ್ಕು ಪೋಲ್ ಒಂದು ಚೈನು, 160 ಚದರ ಪೋಲ್ ಒಂದು ಎಕರೆ. ನಮ್ಮ ಒಂದು ಗುಂಟೆಗೆ ಸರಿಯಾಗಿ ನಾಲ್ಕು ಚದರ ಪೋಲ್. ನನಗೆ ಮನಸ್ಸಲ್ಲೇ ತಾಳೆ ನೋಡಲು ಈ ಲೆಕ್ಕವೇ ಸುಲಭ. "ಉತ್ತರದಿಂದ ಪೂರ್ವಕ್ಕೆ 35 ಡಿಗ್ರಿ, 120 ಪೋಲ್, ಬಿಳಿ ಓಕ್‌ವರೆಗೆ" ಅಂದರೆ 1,980 ಅಡಿಯ ಗೆರೆ. ಹೀಗೆ ಗೆರೆ ಗೆರೆಯಾಗಿ ಹೋಗಿ ಶುರುವಾದ ಮೂಲೆಗೇ ಬಂದು ಮುಟ್ಟಬೇಕು. ಸುತ್ತಳತೆಯ ನೂರಕ್ಕೆ ಎರಡು ಮೂರರಷ್ಟು ತಪ್ಪಿದರೆ ಅದು ಆ ಕಾಲದ ಸರ್ವೆಯ ದೋಷ, ಬಿಟ್ಟುಬಿಡಿ. ಅದಕ್ಕಿಂತ ಹೆಚ್ಚು ತಪ್ಪಿದರೆ ನಕಲು ಮಾಡಿದ ಗುಮಾಸ್ತ ಒಂದು ಸಾಲು ನುಂಗಿದ್ದಾನೆ, ಇಲ್ಲವೇ ಉತ್ತರಕ್ಕೆ ದಕ್ಷಿಣ ಬರೆದಿದ್ದಾನೆ. ಒಂದೊಂದೇ ಗೆರೆಯ ದಿಕ್ಕು ತಿರುಗಿಸಿ ನೋಡಿ. ಯಾವುದನ್ನು ತಿರುಗಿಸಿದಾಗ ಆಕಾರ ಮುಚ್ಚಿಕೊಂಡು ಎಕರೆಯೂ ತಾಳೆಯಾಗುತ್ತದೋ ತಪ್ಪು ಅಲ್ಲೇ. ಯಾವುದಕ್ಕೂ ಮುಚ್ಚದಿದ್ದರೆ ಸಾಲು ಬಿಟ್ಟುಹೋಗಿದೆ, ಆಗ ಪಕ್ಕದವನ ಪೇಟೆಂಟಿನಲ್ಲಿ ಅದೇ ಗೆರೆ ಎದುರು ದಿಕ್ಕಿನಲ್ಲಿ ಸಿಗುತ್ತದೆ. "ಹಳ್ಳ ಹೋದ ಹಾಗೆ" ಅಂತಷ್ಟೇ ಬರೆದಿದ್ದರೆ ಆ ಬದಿಯನ್ನು ಖಾಲಿ ಬಿಟ್ಟು, ಕೊನೆಯಲ್ಲಿ ಯುಎಸ್‌ಜಿಎಸ್ (ಅಮೆರಿಕದ ಭೂವಿಜ್ಞಾನ ಸರ್ವೆ ಇಲಾಖೆ) ಭೂಪಟದ ಮೇಲಿಟ್ಟು ಹಳ್ಳವನ್ನೇ ಗೆರೆಯಾಗಿ ಎಳೆಯಿರಿ. ದಿಕ್ಸೂಚಿಯ ಉತ್ತರ ದಶಕದಿಂದ ದಶಕಕ್ಕೆ ಸರಿಯುತ್ತದೆ. 1750ರ ಸರ್ವೆ ಮತ್ತು 1780ರ ಸರ್ವೆಯನ್ನು ಕೂರಿಸಲು ಒಂದನ್ನು ಎರಡು ಮೂರು ಡಿಗ್ರಿ ತಿರುಗಿಸಬೇಕಾಗಿ ಬರಬಹುದು. ತಿರುಗಿಸದೆ "ಹೊಂದಲಿಲ್ಲ" ಅಂತ ಎದ್ದು ಹೋದವರನ್ನು ನೋಡಿದ್ದೇನೆ. ಇಂಥ ನಕ್ಷೆ ಎಳೆಯುವ ಸಾಫ್ಟ್‌ವೇರ್ ನೂರು ಡಾಲರ್ ಆಸುಪಾಸಿಗೆ ಬರುತ್ತದೆ, ಗ್ರಾಫ್ ಹಾಳೆ ಮತ್ತು ಕೋನಮಾಪಕದಲ್ಲೂ ಆಗುತ್ತದೆ.

ನಕ್ಷೆ ಕೂತ ಮೇಲೆ ಅಜ್ಜ ಸಿಕ್ಕ. 1750ರ ದಶಕದ 400 ಎಕರೆ ಪೇಟೆಂಟ್ ಅವನ ಹೆಸರಲ್ಲಿ. 1782ರ ಭೂಮಿ ಪಟ್ಟಿಯಲ್ಲಿ ಅದೇ 400 ಎಕರೆ ಇನ್ನೊಬ್ಬನ ಹೆಸರಲ್ಲಿ. ಪಕ್ಕದ ಜಮೀನಿನ 1770ರ ದಶಕದ ಸರ್ವೆಯಲ್ಲಿ ಮೂಲೆಯ ಹೆಸರು ಬರೆಯುವಾಗ ಮೊದಲಿನವನಿಗೆ "ದಿವಂಗತ" ಅಂತ ಹಾಕಿ, ಈಗಿನವನ ಹೆಸರನ್ನೂ ಸೇರಿಸಿದ್ದರು. ತುಂಡಾಗದೆ ಇಡಿಯಾಗಿ ಒಬ್ಬನಿಗೇ ಹೋಗಿದೆ ಅನ್ನುವುದೇ ಇಲ್ಲಿ ಮುಖ್ಯ. ವರ್ಜೀನಿಯಾದಲ್ಲಿ ವಿಲ್ಲು ಬರೆಯದೆ ಸತ್ತವನ ಭೂಮಿಯೆಲ್ಲ ಹಿರಿಮಗನಿಗೆ ಹೋಗುವ ಕಾನೂನಿತ್ತು. ಹಾಗಾಗಿ ಆ ಇನ್ನೊಬ್ಬನೇ ಹಿರಿಮಗ, ನಾನು ಹುಡುಕುತ್ತಿದ್ದ ಅಪ್ಪ. 1785ರಲ್ಲಿ ಅದನ್ನು ಬದಲಿಸಿ, 1787ರ ಜನವರಿ 1ರಿಂದ ಗಂಡು ಹೆಣ್ಣು ಎಲ್ಲ ಮಕ್ಕಳಿಗೂ ಸಮಪಾಲು ಮಾಡಿದರು. ಉದಾಹರಣೆಗೆ, ಅಧ್ಯಕ್ಷ ಲಿಂಕನ್‌ರ ಅಜ್ಜ ಅಬ್ರಹಾಂ 1786ರಲ್ಲಿ ಕೊಲೆಯಾದಾಗ ಕೆಂಟಕಿ ಇನ್ನೂ ವರ್ಜೀನಿಯಾದ ಭಾಗ. ಹಾಗಾಗಿ ಭೂಮಿಯೆಲ್ಲ ಹಿರಿಮಗ ಮೊರ್ಡೆಕೈಗೆ ಹೋಯಿತು, ಲಿಂಕನ್‌ರ ತಂದೆ ಥಾಮಸ್ ಬರಿಗೈಯಲ್ಲಿ ಬೆಳೆದ. ಮರಣ ಮುಂದಿನ ವರ್ಷ ಆಗಿದ್ದರೆ ಐದು ಮಕ್ಕಳಿಗೂ ಪಾಲಿತ್ತು.

ಈ ತರ್ಕಕ್ಕೆ ಒಂದು ಮಿತಿ ಇದೆ. ಪುಸ್ತಕಗಳು ಪೂರ್ತಿ ಉಳಿದ ಕೌಂಟಿಯಲ್ಲಿ ಮಾರಿದ ಪತ್ರ ಇದ್ದು ಕೊಂಡ ಪತ್ರ ಇಲ್ಲದಿದ್ದರೆ ಅದು ಪಿತ್ರಾರ್ಜಿತ ಅನ್ನಬಹುದು. ಸುಟ್ಟ ಕೌಂಟಿಯಲ್ಲಿ ಪತ್ರ ಇಲ್ಲದಿರುವುದರಿಂದ ಏನೂ ಸಾಬೀತಾಗುವುದಿಲ್ಲ, ಸರ್ವೆಯಂಥ ಇನ್ನೊಂದು ಕಾಗದ ಬೇಕೇ ಬೇಕು.

ಅಪ್ಪನ ಸರದಿಯಲ್ಲಿ ಕಾನೂನು ಬದಲಾಗಿತ್ತು, ಅದೇ ನಮಗೆ ವರವಾಯಿತು. 1790ರ ದಶಕದ ಮಧ್ಯದಲ್ಲಿ ಪಟ್ಟಿಯಲ್ಲಿ ಅವನ ಹೆಸರಿನ ಜೊತೆ "ಎಸ್ಟೇಟ್" (ಸತ್ತವನ ಆಸ್ತಿ) ಸೇರಿತು, ಆಮೇಲೆ 400 ಎಕರೆ ಐದು ಖಾತೆಗೆ ಒಡೆಯಿತು, ತಲಾ 80. ಮೂರು ಖಾತೆ ಮನೆತನದ ಹೆಸರಲ್ಲಿ, ಎರಡು ಬೇರೆ ಹೆಸರಲ್ಲಿ. ಆ ಇಬ್ಬರು ಅಳಿಯಂದಿರು. ಮದುವೆ ಬಾಂಡು ಸುಟ್ಟ ಊರಲ್ಲಿ ಹೆಣ್ಣುಮಕ್ಕಳು ಹೀಗೆ ಎಕರೆ ಲೆಕ್ಕದಲ್ಲಿ ಕಾಣಿಸಿಕೊಂಡರು.

ಕೊನೆಯ ಕೊಂಡಿ ಕೆಂಟಕಿಯಲ್ಲಿತ್ತು. ವಲಸೆ ಹೋದವನು ಹಳೇ ಊರಿನ ಪಾಲು ಮಾರಲು ಬಹುಮಟ್ಟಿಗೆ ಮುಖ್ತಾರ್‌ನಾಮೆ (ಪವರ್ ಆಫ್ ಅಟಾರ್ನಿ) ಬರೆಯುತ್ತಿದ್ದ, ಅದನ್ನು ತಾನಿರುವ ಕೌಂಟಿಯಲ್ಲೂ ದಾಖಲಿಸುತ್ತಿದ್ದುದುಂಟು. ಬಕಿಂಗ್‌ಹ್ಯಾಮ್ ಪ್ರತಿ ಸುಟ್ಟರೂ ಹೋದ ಊರಿನದು ಸುಡುವುದಿಲ್ಲ. ಗ್ರೀನ್ ಕೌಂಟಿಯ ಡೀಡ್ ಪುಸ್ತಕದಲ್ಲಿ ಅದು ಸಿಕ್ಕಿತು: ಸ್ಲೇಟ್ ರಿವರ್ ಮೇಲಿನ, ತಂದೆಯ ಕಾಲಾನಂತರ ಬಂದ 80 ಎಕರೆ ಮಾರಲು ಅಣ್ಣನಿಗೆ ಅಧಿಕಾರ. ಸೂಚಿಯಲ್ಲಿ ಮುಖ್ತಾರ್‌ನಾಮೆಗಳನ್ನು ಒಂದೊಂದು ಗುಮಾಸ್ತ ಒಂದೊಂದು ಕಡೆ ತುರುಕಿರುತ್ತಾನೆ. ಆದೇಶ ಪುಸ್ತಕ, ವಿಲ್ ಪುಸ್ತಕದ ಹಿಂಬದಿ ಹಾಳೆ ಕೂಡ ತಿರುವಿ. ಕೆಂಟಕಿಯ ಕಂದಾಯ ಪಟ್ಟಿಯಲ್ಲಿ ಹಳ್ಳದ ಹೆಸರಿಗೆ, ಮೂಲತಃ ಯಾರ ಹೆಸರಲ್ಲಿ ಪೇಟೆಂಟ್ ಆಯಿತು ಅನ್ನುವುದಕ್ಕೆ ಕಾಲಂ ಇದೆ. ರಸೆಲ್ ಕ್ರೀಕ್‌ನ ಆ ಸಾಲಿನಲ್ಲಿ ಸ್ಲೇಟ್ ರಿವರ್‌ನ ನೆರೆಯವರೇ ಏಳೆಂಟು ಮನೆ ಇದ್ದರು. ಗುಂಪಾಗಿಯೇ ಹೊರಟಿದ್ದರು.

ಇದರ ಜೊತೆ ಮಾಡಿದ ಬೇರೆ ಪ್ರಯೋಗಗಳಲ್ಲಿ ಫ್ಯಾಮಿಲಿಸರ್ಚ್ ಅನ್ನುವ ವಂಶಾವಳಿ ಜಾಲತಾಣದ ಕೈಬರಹ ಹುಡುಕಾಟ ಗೆದ್ದಿತು, ಅದೂ ಪುಕ್ಕಟೆ. ಮನೆತನದ ಹೆಸರು ಹಾಕಿದರೆ ಕಸವೇ ಹೆಚ್ಚು, ಹಳೇ ಬರಹದ ಉದ್ದ ಎಸ್ ಅಕ್ಷರವನ್ನು ಯಂತ್ರ ಎಫ್ ಅಂತ ಓದಿ ಹೆಸರು ಕೆಡಿಸುತ್ತದೆ. ಹಳ್ಳದ ಹೆಸರು ಮತ್ತು ಅಪರೂಪದ ಹೆಸರಿನ ಒಬ್ಬ ನೆರೆಯವನನ್ನು ಜೋಡಿಸಿ ಹಾಕಿದಾಗ ದಾರಿ ತೆರೆಯಿತು. ಅಪ್ಪನಿಂದ ಮಗನಿಗಷ್ಟೇ ಬರುವ ವೈ ಡಿಎನ್‌ಎ ಪರೀಕ್ಷೆ ಸೋತಿತು: ಇಬ್ಬರ ಪರೀಕ್ಷೆಗೆ ತಲಾ ನೂರು ಡಾಲರ್ ಮೇಲೆ ಹೋಗಿ, ಅದೇ ಹೆಸರಿನ ಇನ್ನೊಂದು ಮನೆತನಕ್ಕೆ ಸಂಬಂಧವಿಲ್ಲ ಅಂತಷ್ಟೇ ಗೊತ್ತಾಯಿತು. ಹಲವು ಜನ ನಂಬುವ ಒಂದು ವೃಕ್ಷ ಅದರಿಂದ ಬಿದ್ದುಹೋಯಿತು, ಅಷ್ಟು ಲಾಭ. ಲಂಡನ್ನಿನ ಕ್ಯೂನಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ದಫ್ತರದ ಟಿ 79 ಕಟ್ಟುಗಳನ್ನೂ ನೋಡಿದೆ. ಸ್ವಾತಂತ್ರ್ಯ ಯುದ್ಧಕ್ಕೆ ಮುಂಚಿನ ಸಾಲ ವಸೂಲಿಗೆ ಬ್ರಿಟಿಷ್ ವ್ಯಾಪಾರಿಗಳು ಹಾಕಿದ ದಾವೆಗಳವು. ಸಾಲಗಾರ ಎಲ್ಲಿಗೆ ಹೋದ, ಆಸ್ತಿ ಎಷ್ಟಿತ್ತು ಅಂತ ವಿಚಾರಿಸಿ ಬರೆದಿದ್ದಾರೆ. ನನ್ನವರು ಅಲ್ಲಿ ಸಿಗಲಿಲ್ಲ, ನೆರೆಯವರಲ್ಲಿ ಒಬ್ಬ ಸಿಕ್ಕ.

1780ರ ದಶಕದ ಮೊದಲ ಕೆಲವು ಚರಾಸ್ತಿ ಪಟ್ಟಿಗಳಲ್ಲಿ ಗುಲಾಮರನ್ನು ಹೆಸರಿಟ್ಟು ಬರೆದಿದ್ದಾರೆ. 1850, 1860ರ ಗುಲಾಮರ ಗಣತಿಯಲ್ಲೂ ಬಹುಮಟ್ಟಿಗೆ ವಯಸ್ಸು, ಲಿಂಗ, ಬಣ್ಣ ಬಿಟ್ಟರೆ ಹೆಸರಿಲ್ಲ. ಆದ್ದರಿಂದ ಒಡೆಯನ ಸಾಲು ನಕಲು ಮಾಡುವಾಗ ಆ ಹೆಸರುಗಳನ್ನೂ ಬಿಡದೆ ಬರೆದುಕೊಳ್ಳಿ. ನಾನು ಅವಕ್ಕೆ ಬೇರೆ ಹಾಳೆಯನ್ನೇ ಮಾಡಿದ್ದೇನೆ: ಹೆಸರು, ವರ್ಷ, ಯಾರ ಮನೆ, ಮುಂದಿನ ವರ್ಷ ಯಾರ ಪಾಲಿಗೆ. ಆ ಎಸ್ಟೇಟ್ ಐದು ಪಾಲಾದಾಗ ಅವರನ್ನೂ ಹಂಚಿದರು. ಯಾರು ಕೆಂಟಕಿಗೆ ಹೋಗಬೇಕಾಯಿತು, ಯಾರು ಸ್ಲೇಟ್ ರಿವರ್‌ನಲ್ಲೇ ಉಳಿದರು ಅನ್ನುವುದನ್ನು ಎರಡೂ ಕಡೆಯ ಪಟ್ಟಿ ಪಕ್ಕಪಕ್ಕ ಇಟ್ಟು ತಾಳೆ ನೋಡುತ್ತಿದ್ದೇನೆ. ಆ ಜನರ ವಂಶಸ್ಥರು ಯಾರಾದರೂ ಕೇಳಿದರೆ ಹಾಳೆ ಪೂರ್ತಿ ಕೊಡುತ್ತೇನೆ.