ಶಾಸಕರ ಆಸ್ತಿ ಲೆಕ್ಕ ಪರಿಶೀಲಿಸುವುದು ಹೇಗೆ?

ಕರ್ನಾಟಕದ ಶಾಸಕರ ಮೂಲ ವೇತನ 2025ರಲ್ಲಿ 40 ಸಾವಿರದಿಂದ 80 ಸಾವಿರ ರೂಪಾಯಿಗೆ ಏರಿತು. ಸಂಬಳ ಹೆಚ್ಚಿದರೆ ಲಂಚ ನಿಲ್ಲುತ್ತದೆಂದು ಕೈಕಟ್ಟಿ ಕೂರಬೇಡಿ. ಲೆಕ್ಕ ಕೇಳುವವರಿದ್ದರೆ ಮಾತ್ರ ಹೆದರಿಕೆ ಇರುತ್ತದೆ.

ಮೊದಲು ಚುನಾವಣಾ ಆಯೋಗದ ಜಾಲತಾಣದಿಂದ ನಿಮ್ಮ ಶಾಸಕರ 2018 ಮತ್ತು 2023ರ ನಮೂನೆ 26 ಪ್ರಮಾಣಪತ್ರಗಳನ್ನು, ಅಂದರೆ ನಾಮಪತ್ರದ ಜತೆ ಅವರು ಸಲ್ಲಿಸಿದ ಆಸ್ತಿ ಘೋಷಣೆಗಳನ್ನು, ಇಳಿಸಿಕೊಳ್ಳಿ. 2023ರದ್ದರಲ್ಲಿ ಐದು ವರ್ಷಗಳ ಆದಾಯ ತೆರಿಗೆ ವಿವರವೂ ಇರುತ್ತದೆ. ಪತಿ ಅಥವಾ ಪತ್ನಿಯ ಮತ್ತು ಅವಲಂಬಿತರ ಕಾಲಂ ಬಿಡದೆ ಕೂಡಿಸಿ.

ಉದಾಹರಣೆಗೆ, ಆಸ್ತಿ 4 ಕೋಟಿಯಿಂದ 11 ಕೋಟಿಗೆ ಏರಿದೆ ಎಂದುಕೊಳ್ಳಿ. ಹೆಚ್ಚಳ 7 ಕೋಟಿ. ಐದು ವರ್ಷದ ಆದಾಯ 2 ಕೋಟಿ, ಹೊಸ ಸಾಲ 1 ಕೋಟಿ, ಹಳೇ ಜಮೀನಿನ ಬೆಲೆಯೇರಿಕೆ 3 ಕೋಟಿ ಕಳೆಯಿರಿ. ಉಳಿದ 1 ಕೋಟಿ ಎಲ್ಲಿಂದ ಬಂತು? ಮನೆಖರ್ಚು ಸೇರಿಸಿದರೆ ಅಂತರ ಇನ್ನೂ ದೊಡ್ಡದು.

ಹೆಚ್ಚಿನವರು ಎಡವುವುದು ಬೆಲೆಯೇರಿಕೆಯಲ್ಲೇ. ಅದೇ ಸರ್ವೆ ನಂಬರ್ ಎರಡೂ ಪತ್ರಗಳಲ್ಲಿದ್ದರೆ ಅದು ಹೊಸ ಖರೀದಿಯಲ್ಲ. ಪಹಣಿ ತೆಗೆಸಿ ನೋಡಿ. ಬೇನಾಮಿ ಆಸ್ತಿ ಈ ಲೆಕ್ಕಕ್ಕೆ ಸಿಗುವುದಿಲ್ಲ, ಅದು ಈ ವಿಧಾನದ ನಿಜವಾದ ಮಿತಿ.

ಶಾಸಕರು ಪ್ರತಿವರ್ಷ ಜೂನ್ 30ರೊಳಗೆ ಲೋಕಾಯುಕ್ತಕ್ಕೂ ಆಸ್ತಿ ವಿವರ ಕೊಡಬೇಕು. ಕೊಟ್ಟಿದ್ದಾರೆಯೇ ಎಂದು ಮಾಹಿತಿ ಹಕ್ಕಿನಡಿ ಕೇಳಿ: ಶುಲ್ಕ 10 ರೂಪಾಯಿ, ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಎರಡು ವಿಷಯ ತುರುಕಿದರೆ ಅರ್ಜಿ ವಾಪಸ್ ಬರಬಹುದು.

ಅಂತರ ಖಚಿತವಾದರೆ ಲೋಕಾಯುಕ್ತಕ್ಕೆ ದೂರು ಕೊಡಿ. ನಿಗದಿತ ನಮೂನೆಯ ಜತೆ ನಿಮ್ಮದೇ ಪ್ರಮಾಣಪತ್ರ ಕಡ್ಡಾಯ. "ಭ್ರಷ್ಟ" ಎಂಬ ಬೈಗುಳ ಬೇಡ. ಪುಟ ಸಂಖ್ಯೆ, ಸರ್ವೆ ನಂಬರ್, ಮೊತ್ತ ಬರೆಯಿರಿ.